ಮೂರನೇ ಪದರದ ಎತ್ತುಗಳು

ಆ ಒಂದು ಕಿಲೋ ಮಣ್ಣನ್ನು ಸಂತು ಮನೆಗೆ ತರಲೇಬಾರದಿತ್ತು.

ಅವನು ಮುಂಬೈ ಕಾಂದಿವಲಿಯ ಒಂದು ಮಣ್ಣು ಪರೀಕ್ಷಾ ಲ್ಯಾಬಿನಲ್ಲಿ ಸಹಾಯಕ. ಸಹ್ಯಾದ್ರಿಯ ಒಂದು ಕಾಡುಬೆಟ್ಟದಲ್ಲಿ ಗುಂಡಿ ತೋಡಿ ತೆಗೆದ ಮಣ್ಣು ಪದರಕ್ಕೊಂದರಂತೆ ನಾಲ್ಕು ಚೀಲಗಳಲ್ಲಿ ಬಂದಿತ್ತು. ಮೇಲಿನದು ಎಲೆ ಕೊಳೆತ ಕಪ್ಪು, ಅದರ ಕೆಳಗೆ ಕಂದು, ಆಮೇಲೆ ಅಂಟಂಟು ಕೆಂಪು, ತಳದಲ್ಲಿ ಅರ್ಧ ಕಲ್ಲು. ಮುಖ್ಯವಾದದ್ದು ಮೂರನೆಯ ಕೆಂಪು ಪದರ. ಮಳೆನೀರಿನ ಜೊತೆ ಮೇಲಿನಿಂದ ಇಳಿದ ಜೇಡಿಮಣ್ಣು ಅಲ್ಲಿ ಎಷ್ಟು ಸೇರಿದೆ ಎಂದು ನೋಡಿಯೇ ಆ ಬೆಟ್ಟದ ಮಣ್ಣು ಯಾವ ವರ್ಗದ್ದೆಂದು ಹೇಳಬೇಕು.

"ನೆರಳಲ್ಲಿ, ಬರೀ ಗಾಳಿಗೆ ಒಣಗಿಸಿ. ಬಿಸಿ ತಾಗಿದ್ರೆ ಮಣ್ಣು ಕೆಟ್ಟಹಾಗೇ" ಎಂದಿದ್ದರು ಕೌಸಲ್ಯಾ ಮೇಡಂ. ಅವರು ಮೈಸೂರಿನವರು, ಲ್ಯಾಬಿನ ಮುಖ್ಯಸ್ಥೆ. "ಇನ್ನೊಂದು ಚೀಲ ಇಲ್ಲ, ನೆನಪಿರಲಿ. ಶುಕ್ರವಾರ ರಿಪೋರ್ಟ್ ಹೋಗಬೇಕು. ನಿಮ್ಮನ್ನ ಪರ್ಮನೆಂಟ್ ಮಾಡೋ ಮಾತೂ ಅವತ್ತೇ."

ಜೂನ್ ತಿಂಗಳ ಮಳೆಗೆ ಲ್ಯಾಬಿನ ಗೋಡೆಗಳೇ ಬೆವರುತ್ತಿದ್ದವು. ಅಲ್ಲಿ ಬಿಟ್ಟರೆ ಒಣಗುವುದಿಲ್ಲ, ಯಾರಾದರೂ ಚೆಲ್ಲಿದರೆ, ಇಲಿ ಬಂದರೆ ಎಂದೆಲ್ಲ ಯೋಚಿಸಿ ಸಂತು ಆ ಕೆಂಪು ಮಣ್ಣಿನ ಚೀಲವನ್ನು ಸಾಂತಾಕ್ರೂಜ್‌ನ ತನ್ನ ಒಂದು ಕೋಣೆಯ ಮನೆಗೆ ತಂದ. ಅಡುಗೆಮನೆ ಮೂಲೆಯಲ್ಲಿ ಪೇಪರ್ ಹಾಸಿ, ಮಣ್ಣು ಹರವಿ, ಫ್ಯಾನ್ ಹಾಕಿದ. ಜ್ವರ ಬಂದ ಕೂಸನ್ನು ನೋಡಿದ ಹಾಗೆ ರಾತ್ರಿಯೆಲ್ಲ ಎದ್ದೆದ್ದು ಅದನ್ನು ಮುಟ್ಟಿ ನೋಡಿದ. ಬೆಳಗಿನ ಜಾವ ನಿದ್ದೆ ಹತ್ತಿತು.

ಎದ್ದಾಗ ಪೇಪರೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆ ಜಾಗದಲ್ಲಿ ರಂಗೋಲಿ ಇತ್ತು. ದೇವರ ಮಾಡದಲ್ಲಿ ಎರಡು ಕೆಂಪು ಎತ್ತುಗಳು ಕುಂಕುಮ ಹಚ್ಚಿಕೊಂಡು ಅವನನ್ನೇ ನೋಡುತ್ತಿದ್ದವು.

"ಎದ್ಯಾ ಸಂತ್ಯಾ? ಇವತ್ತ ಮಣ್ಣೆತ್ತಿನ ಅಮಾಸಿ!" ಎಂದಳು ತಾಯಿ ಬಸಲಿಂಗವ್ವ. "ಈ ಊರಾಗ ಎತ್ತ ಮಾಡಾಕ ಮಣ್ಣ ಎಲ್ಲಿ ಸಿಗತೈತಿ ಅಂತ ಚಿಂತಿ ಮಾಡಿದ್ದೆ. ಸಿಕ್ತ ನೋಡು! ಮೂರು ಜೋಡಿ ಆದ್ವು. ಒಂದು ಜೋಡಿ ಕೆಳಗಿನ ನೀಲಾಬಾಯಿಗೆ ಕೊಟ್ಟೆ, ಒಂದು ಆ ಬೆಂಗಳೂರು ಹುಡುಗಿ ಶ್ರೇಯಾಗ. ನೀಲಾಬಾಯಿ ನನ್ನ ಕೈ ಹಿಡಕೊಂಡು ಒಳಗ ಕರದ್ಳೋ! ಚಾ ಕುಡಿಸಿದ್ಳು!"

ವಿಜಯಪುರದಿಂದ ಬಂದಾಗಿನಿಂದ ಅವ್ವ ಈ ಬಿಲ್ಡಿಂಗಿನಲ್ಲಿ ಯಾರ ಬಾಗಿಲನ್ನೂ ಬಡಿದಿರಲಿಲ್ಲ. ದಿನವಿಡೀ ಕಿಟಕಿಯಲ್ಲಿ ಕೂತು ಪಾರಿವಾಳಗಳ ಜೊತೆ ಮಾತಾಡುತ್ತಿದ್ದಳು. ಇವತ್ತು ಅವಳ ಮುಖ ಬೆಳಗಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

"ಮತ್ತ ನಿನ್ನ ಆಫೀಸಿನ ಮಣ್ಣ ಏನ್ ಮಾಡೀನಂದ್ರ..."

"ಗೊತ್ತಾತವ್ವಾ, ಹೇಳಬ್ಯಾಡ. ಚಂದ ಆಗ್ಯಾವ ಎತ್ತು" ಎಂದು ಸಂತು ಅವಳ ಮಾತು ತಡೆದ. ತಪ್ಪು ಮಾಡಿದೆನೆಂದು ಅವಳ ಬಾಯಿಂದ ಕೇಳುವ ಧೈರ್ಯ ಅವನಿಗಿರಲಿಲ್ಲ. ಮಾಡದ ಜೋಡಿಯನ್ನು ಅವಳ ಕಣ್ಣೆದುರು ಎತ್ತಲಾಗದು, ಹಂಚಿದ ಎರಡು ಜೋಡಿಯನ್ನಾದರೂ ವಾಪಸ್ ಪಡೆಯೋಣವೆಂದು ಗಡಬಡಿಸಿ ಅಂಗಿ ತೊಟ್ಟು ಮೆಟ್ಟಿಲಿಳಿದ.

ನೀಲಾಬಾಯಿ ಸೋಲಾಪುರದವಳು. ಕನ್ನಡವನ್ನೂ ಮರಾಠಿಯನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಸಂತು ಬಾಗಿಲಲ್ಲೇ ನಿಂತು ಇದ್ದದ್ದನ್ನೆಲ್ಲ ಹೇಳಿದ.

"ಅರೇ ದೇವಾ!" ಎಂದಳು ಅವಳು. "ನೈವೇದ್ಯ ಆಗೇತಿ. ಹಬ್ಬದ ದಿನ ಎತ್ತ ಮನೀ ಬಿಟ್ಟು ಕಳಸ್ತಾರೇನೋ? ಹೋಗಿ ಏನ್ ಮಾಡ್ತಿ ಅವಕ್ಕ?"

"ಪುಡಿ ಮಾಡ್ತೀನ್ರೀ."

"ಕಾಯ್? ಏನಂದಿ?!"

ಆ ಕೂಗಿಗೆ ಮೇಲಿನಿಂದ ಶ್ರೇಯಾ ಹಲ್ಲುಜ್ಜುತ್ತಲೇ ಇಳಿದು ಬಂದಳು. ವಿಷಯ ತಿಳಿದು, "ಅರೇ ಸಂತು ಭೈಯಾ, ಸಿಂಪಲ್ ಹೈ ನಾ! ಯಾವ್ದಾದ್ರೂ ಮಣ್ಣು ತಗೊಂಡ್ ಹೋಗಿ. ಮಿಟ್ಟಿ ತೋ ಮಿಟ್ಟಿ. ಹೂ ವಿಲ್ ನೋ, ಯಾರಿಗ್ ಗೊತ್ತಾಗತ್ತೆ?" ಎಂದಳು.

ಸಂತುವಿಗೆ ನೋವಾಯಿತು. "ಹಂಗಲ್ಲಮ್ಮ. ಒಂದು ಬೆಟ್ಟದ ಮಣ್ಣು ಇನ್ನೊಂದರ ಹಾಗೆ ಇರೋದಿಲ್ಲ. ಕೈಯಲ್ಲಿ ಹಿಡಿದ್ರೆ ನನಗೆ ಗೊತ್ತಾಗ್ತದೆ" ಎಂದ. ಹೇಳಿದ ಮರುಕ್ಷಣವೇ, ನಿಜವಾಗಿ ಗೊತ್ತಾಗುತ್ತದೆಯೇ ಎಂಬ ಅನುಮಾನವೂ ಬಂತು.

ನೀಲಾಬಾಯಿ ಅವನ ಮುಖವನ್ನೇ ನೋಡಿದಳು. ಆಮೇಲೆ ಎತ್ತುಗಳಿಗೆ ಕೈಮುಗಿದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಳು. "ನಿಮ್ಮವ್ವಗ ಗೊತ್ತಾಗಬಾರ್ದು. ಪಾಪ, ಎಷ್ಟು ಪ್ರೀತಿಲೆ ತಂದಿದ್ಳು. ಸಂಜೀಕ ಬೇರೆ ಜೋಡಿ ಮಾಡಿ ಇಲ್ಲೇ ತಂದಿಡು." ಶ್ರೇಯಾ ತನ್ನ ಜೋಡಿಯನ್ನು ಶೂ ಡಬ್ಬಿಯಲ್ಲಿ ತಂದುಕೊಟ್ಟು, "ಇವಕ್ಕೆ ನೇಮ್ ಇಟ್ಟಿದ್ದೆ" ಎಂದು ಮುಖ ಸಣ್ಣದು ಮಾಡಿಕೊಂಡಳು.

ಗೇಟಿನ ಮುಂದೆ ಪೈಪಿಗಾಗಿ ಅಗೆದ ಗುಂಡಿ. ಸಂತುವಿನ ಒಂದು ಚಪ್ಪಲಿ ಅದರ ಬೂದುಬಣ್ಣದ ಕೆಸರಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಕಿತ್ತುಕೊಟ್ಟ ವಾಚ್‌ಮನ್ ಕಿಶೋರ, "ಎಂತ ಮಾರಾಯ್ರೆ, ಹಬ್ಬದ ದಿನವೂ ಓಟವಾ?" ಎಂದು ನಕ್ಕ. ಲೋಕಲ್ ರೈಲಿನಲ್ಲಿ ಪಕ್ಕದವನೊಬ್ಬ ಸಂತುವಿನ ತೊಡೆಯ ಮೇಲೆ ಬಟ್ಟೆಯೊಳಗಿಂದ ಇಣುಕುತ್ತಿದ್ದ ಎತ್ತುಗಳನ್ನು ಕಂಡು, ಮುಟ್ಟಿ ಕಣ್ಣಿಗೊತ್ತಿಕೊಂಡ. ತಾನು ಅವುಗಳನ್ನು ಕಸಾಯಿಖಾನೆಗೆ ಒಯ್ಯುತ್ತಿದ್ದೇನೆ ಅನ್ನಿಸಿ ಸಂತು ತಲೆ ತಗ್ಗಿಸಿದ.

ಲ್ಯಾಬಿನಲ್ಲಿ ಮೇಲೆ ಬಳಿದಿದ್ದ ಜಾಜಿನ ಕೆಂಪು ಬಣ್ಣ, ಅರಿಶಿನ, ಕುಂಕುಮವನ್ನೆಲ್ಲ ಚಾಕುವಿನಿಂದ ಕೆರೆದ. ಒಳಗಿನ ಮಣ್ಣು ಕೆಂಪಾಗಿರಲಿಲ್ಲ, ಬೂದಿಯ ಬಣ್ಣವಿತ್ತು. ಆದರೆ ನೀರು ನಿಂತು ಗಾಳಿಯಾಡದಿದ್ದರೆ ಕೆಂಪು ಮಣ್ಣೂ ಬೂದು ಬಣ್ಣಕ್ಕೆ ತಿರುಗುತ್ತದೆಂದು ಸಂಜೆ ಕಾಲೇಜಿನಲ್ಲಿ ಓದಿದ್ದ. ಅದಕ್ಕೆ ವರ್ಷಗಟ್ಟಲೆ ಬೇಕೆಂದೂ ಓದಿದ್ದ. ಅವ್ವ ಬಹಳ ನಾದಿರಬೇಕು ಎಂದುಕೊಂಡ. ತನ್ನ ಕಣ್ಣಿಗಿಂತ ಪುಸ್ತಕದ ಮೇಲೇ ಅವನಿಗೆ ನಂಬಿಕೆ ಹೆಚ್ಚು.

ನೀರಲ್ಲಿ ಕದಡಿ ಜರಡಿ ಹಿಡಿದಾಗ ಸಣ್ಣ ಬಿಳಿ ಚೂರುಗಳು ಉಳಿದವು. ಸಮುದ್ರದ ಚಿಪ್ಪು! ಅದನ್ನು ಎಸೆದುಬಿಡಬಹುದಿತ್ತು. ಆದರೆ ಅವನ ಮನಸ್ಸು ಒಪ್ಪಲಿಲ್ಲ. ತಟ್ಟೆ ಹಿಡಿದು ಮೇಡಂ ಎದುರು ನಿಂತು, ಮನೆಗೆ ಒಯ್ದದ್ದರಿಂದ ಹಿಡಿದು ಎತ್ತುಗಳವರೆಗೆ ಎಲ್ಲವನ್ನೂ ಒಪ್ಪಿಕೊಂಡ.

ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಚಿಪ್ಪಿನ ಚೂರು ಕಂಡರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಸಂತು, ಎತ್ತು ಮಾಡಿದ್ರೆ ಮಣ್ಣು ಕಲಸಿಹೋಗಬಹುದು. ಚಿಪ್ಪು ಹುಟ್ಟೋದಿಲ್ಲವಲ್ರೀ! ಅಷ್ಟು ಎತ್ತರದ ಕಾಡಿನ ಮಣ್ಣಲ್ಲಿ ಸಮುದ್ರದ ಚಿಪ್ಪು! ಇದು ಅದೇ ಮಣ್ಣು ತಾನೇ?"

"ಹೌದು ಮೇಡಂ. ನಮ್ಮವ್ವಗೆ ಬೇರೆ ಮಣ್ಣು ಎಲ್ಲಿಂದ ಸಿಗಬೇಕು?"

"ಬೇರೆಯವರಾಗಿದ್ರೆ ಇದನ್ನ ಕಸಕ್ಕೆ ಹಾಕಿ ಸುಮ್ಮನಿರೋರು. ನೀವು ಪ್ರಾಮಾಣಿಕರು ಕಣ್ರೀ" ಎಂದು ಮೇಡಂ ಫೋನ್ ಎತ್ತಿದರು. ಬೆಟ್ಟದ ಮಣ್ಣಲ್ಲಿ ಸಮುದ್ರದ ಚಿಪ್ಪು ಸಿಕ್ಕಿತೆಂದು ಪುಣೆಯ ಇಬ್ಬರು ಪ್ರೊಫೆಸರುಗಳಿಗೆ ಹೇಳಿದರು. ಲ್ಯಾಬಿನ ಮಾಲೀಕರಿಗೆ ಹೇಳಿದರು. ಸಂತುವಿನ ಕೆಲಸ ಖಾಯಂ ಎಂದೂ ಅದರ ಜೊತೆಗೇ ಹೇಳಿಬಿಟ್ಟರು.

ಸಂಜೆ ಸಂತು ಪೇಢೆ ಹಿಡಿದು ಸಾಂತಾಕ್ರೂಜ್‌ನಲ್ಲಿ ಇಳಿದಾಗ ಮಳೆ ಕೂಡ ನಿಂತಿತ್ತು. ನೀಲಾಬಾಯಿಗೂ ಶ್ರೇಯಾಗೂ ಎತ್ತು ಮಾಡಿಕೊಡಬೇಕಲ್ಲ ಎಂದು ನೆನಪಾಗಿ, ಗೇಟಿನ ಗುಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಊಟದ ಡಬ್ಬಿಗೆ ಕೆಸರು ತುಂಬತೊಡಗಿದ.

"ಅಲ್ಲಿ ಬೇಡ ಮಾರಾಯ್ರೆ, ಅಲ್ಲಿ ಬರೀ ಕಲ್ಲು" ಎಂದು ಕಿಶೋರ ಓಡಿಬಂದ. "ಈಚೆ ಬನ್ನಿ. ಬೆಳಿಗ್ಗೆ ನಿಮ್ಮ ಅಮ್ಮನಿಗೆ ನಾನೇ ಇಲ್ಲಿಂದ ಒಂದು ಬಾಲ್ದಿ ತೆಗೆದುಕೊಟ್ಟದ್ದು. ಒಳ್ಳೆ ಅಂಟು ಉಂಟು. ಚಿಪ್ಪು ಮಾತ್ರ ಕೈಗೆ ಚುಚ್ಚುತ್ತದೆ, ಜಾಗ್ರತೆ."

ಸಂತು ತನ್ನ ಅಂಗೈ ನೋಡಿಕೊಂಡ. ಬೂದುಬಣ್ಣದ ಕೆಸರಿನ ನಡುವೆ ಬಿಳಿ ಚೂರುಗಳು ಹಲ್ಲು ಕಿರಿಯುತ್ತಿದ್ದವು.

ಮೆಟ್ಟಿಲನ್ನು ಹೇಗೆ ಹತ್ತಿದನೋ ಅವನಿಗೇ ತಿಳಿಯಲಿಲ್ಲ. ಮನೆಯೊಳಗೆ ನೀಲಾಬಾಯಿ, ಶ್ರೇಯಾ, ಬಸಲಿಂಗವ್ವ ಮೂವರೂ ಕೂತು ಹೋಳಿಗೆ ತಿನ್ನುತ್ತಿದ್ದರು. ಅವ್ವ ಇಷ್ಟು ಗಟ್ಟಿಯಾಗಿ ನಕ್ಕದ್ದನ್ನು ಅವನು ಮುಂಬೈಯಲ್ಲಿ ಕೇಳಿಯೇ ಇರಲಿಲ್ಲ.

"ಅವ್ವಾ... ನಾ ಹರವಿದ್ದ ಮಣ್ಣು?"

"ಅದನ್ನ ಮುಂಜಾನೆ ಹೇಳಾಕ ಹ್ವಾದ್ರ ಕೇಳಲಿಲ್ಲ ನೀ!" ಎಂದು ಬಸಲಿಂಗವ್ವ ದೇವರ ಮಾಡದ ಕೆಳಗಿನಿಂದ ಮುಚ್ಚಳದ ಸ್ಟೀಲ್ ಡಬ್ಬಿ ತೆಗೆದಳು. "ನಿನ್ನ ಆಫೀಸಿನ ಮಣ್ಣಿಗೆ ನಾ ಎತ್ತ ಮಾಡ್ತೀನೇನೋ? ನಿನ್ನ ಅನ್ನ ಅದು. ಒಂದ್ ಕಾಳೂ ಚೆಲ್ಲದಂಗ ಎತ್ತಿಟ್ಟೀನಿ, ತಗೋ."

ಸಂತುವಿನ ಕಣ್ಣು ತುಂಬಿತು. ಮೂರನೇ ಪದರ ಪೂರ್ತಿ ಇದೆ. ನಾಳೆ ಬೇಗ ಹೋಗಿ ಮೇಡಂ ಕಾಲಿಗೆ ಬೀಳಬಹುದು, ನಿಜ ಹೇಳಬಹುದು, ಪರೀಕ್ಷೆ ಮತ್ತೆ ಮಾಡಬಹುದು. ಮುಚ್ಚಳ ತೆಗೆದ. ಮಣ್ಣು ಕೆಂಪಗೆ, ಉದುರುದುರಾಗಿ ಇತ್ತು. ಸ್ವಲ್ಪ ಬೆಚ್ಚಗೂ ಇತ್ತು. ತುಪ್ಪದ ವಾಸನೆ ಬರುತ್ತಿತ್ತು.

ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಕೌಸಲ್ಯಾ ಮೇಡಂ.

"ರಾತ್ರಿಯೆಲ್ಲ ಎದ್ದೆದ್ದು ನೋಡ್ತಿದ್ದಿ, ಒಣಗವಲ್ದಾಗಿತ್ತು" ಎಂದಳು ಬಸಲಿಂಗವ್ವ, ಮಗನ ಮುಖವನ್ನೇ ನೋಡುತ್ತ. "ಈಗ ಹೋಳಿಗಿ ಬೇಯಿಸಿದ ಮ್ಯಾಲೆ ಅದ ಹಂಚಿನಾಗ ಸಣ್ಣ ಉರಿ ಇಟ್ಟು, ರವಾ ಹುರಿದಂಗ ಹದಕ್ಕ ಹುರದೀನಿ. ಯಾಕೋ, ಇನ್ನೂ ಹಸೀ ಐತೇನು? ಇನ್ನೊಂದ್ ಸಲ ಹುರೀಲೇನು?"