ಸೀಸನ್ ಶುರುವಾಗಿತ್ತು, ಹಿಮ ಬಂದಿರಲಿಲ್ಲ

ಹಿಮ ಇಲ್ಲದ ಬೆಟ್ಟಕ್ಕೆ ಹಿಮ ಇದೆ ಎಂದು ಸುಳ್ಳು ಹೇಳಿ ನಮ್ಮ ಮೂರು ತಾಲೂಕಿನ ಹದಿನೆಂಟು ಜನರನ್ನು ಕರೆದುಕೊಂಡು ಹೋದರು. ಇದು ಹವಾಮಾನದ ತಪ್ಪಲ್ಲ, ಮನುಷ್ಯರ ತಪ್ಪು. ಇಂಥದ್ದು ನಮ್ಮ ಪಾಲಿಗೆ ನಿಲ್ಲುವುದೇ ಇಲ್ಲ. ನಮ್ಮ ಕಡೆ ನೀರು ಬರುವ ಮೊದಲೇ ನಲ್ಲಿ ಉದ್ಘಾಟನೆಯಾಗುತ್ತದೆ, ಡಾಕ್ಟರು ಬರುವ ಮೊದಲೇ ದವಾಖಾನೆಗೆ ಬಣ್ಣ ಹೊಡೆಯುತ್ತಾರೆ. ಹಿಮ ಬೀಳುವ ಮೊದಲೇ ಹಿಮದ ಸೀಸನ್ ಶುರು ಮಾಡುವವರನ್ನು ನೋಡಲು ಮಾತ್ರ ನಾನು ಹಿಮಾಚಲದ ತನಕ ಹೋಗಬೇಕಾಯಿತು.

ನಾನು ಸಿದ್ದಾಪುರ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುವವನು. ಕಲಿತದ್ದು ಏಳನೇ ಇಯತ್ತೆ. ಕಾಯ್ದೆ ಕಾನೂನು ಓದಿದ್ದು ರದ್ದಿ ಪೇಪರಿನಲ್ಲಿ. ಧರಣಿ ಹೂಡಿದ್ದು ಹನ್ನೊಂದು, ಗೆದ್ದದ್ದು ಒಂದು, ಅದೂ ಅಧಿಕಾರಿಗೆ ನಡುವೆಯೇ ವರ್ಗವಾದ್ದರಿಂದ. ನನಗೆ ಹಿಮದ ಹುಚ್ಚು ಇರಲಿಲ್ಲ. ಅಕ್ಕನಿಗೆ ಇತ್ತು.

ಅಕ್ಕ ಕೋಲಸಿರ್ಸಿ ಹತ್ತಿರದ ಒಂದು ಶಾಲೆಯಲ್ಲಿ ಅಕ್ಕೋರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಒಂದು ದಿನ ನೀರು, ಮಂಜು, ಹಿಮ ಎಂದು ಪಾಠ ಮಾಡುವಾಗ ಒಂದು ಹುಡುಗಿ ಎದ್ದು ನಿಂತು ಕೇಳಿದಳಂತೆ: "ಅಕ್ಕೋರೇ, ಮಳೆ ಬಿದ್ರೆ ಹಂಚಿನ ಮೇಲೆ ಸಪ್ಪಳಾಗ್ತದೆ. ಹಿಮ ಬಿದ್ರೆ ಎಂಥಾ ಸಪ್ಪಳಾಗ್ತದೆ?"

ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಉಳಿದ ಮೇಷ್ಟ್ರುಗಳಿಗೂ ಗೊತ್ತಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಮಕ್ಕಳಿಗೆ ಗೊತ್ತಿಲ್ಲ ಎಂದು ಹೇಳಿದವಳಲ್ಲ ಅಕ್ಕ. "ಕೇಳ್ಕೊಂಡು ಬಂದು ಹೇಳ್ತೆ" ಎಂದುಬಿಟ್ಟಿದ್ದಳು. ಬರುವ ಮಾರ್ಚಿಗೆ ಅವಳ ನಿವೃತ್ತಿ. ಅಷ್ಟರೊಳಗೆ ಉತ್ತರ ಬೇಕು. ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ, ಸಿರ್ಸಿಯಿಂದ ಹೊರಟ ಒಂದು ಪ್ರವಾಸದ ಬಸ್ಸನ್ನು ನಾವಿಬ್ಬರೂ ಹತ್ತಿದ್ದು ಇದಕ್ಕೆ.

ಮೇಲೆ ನಾಲ್ಕು ಅಡಿ

ನಮ್ಮ ಪ್ರವಾಸದ ಮ್ಯಾನೇಜರ್ ಹುಬ್ಬಳ್ಳಿ ಕಡೆಯವನು. ಹೊರಡುವ ಮೊದಲು ನಮ್ಮೆಲ್ಲರ ಎದುರಿಗೇ ಎಸ್‌ಟಿಡಿ ಬೂತಿಗೆ ಹೋಗಿ, ಹಿಂದಿಯಲ್ಲಿ ಗಟ್ಟಿಯಾಗಿ ಮಾತಾಡಿ, ಫೋನ್ ಇಟ್ಟು ಹೇಳಿದ್ದ: "ಸೀಸನ್ ಶುರು ಆಗೇತ್ರಿ. ನಾಕು ಫೂಟ್ ಹಿಮ ಬಿದ್ದೈತಿ. ಹತ್ರಿ ಗಾಡಿ."

ಹೋಗಿ ನೋಡಿದರೆ ಕಂದು ಬಣ್ಣದ ಬೆಟ್ಟ. ಒಣಹುಲ್ಲು. ನಾಲ್ಕು ದನ ಮೇಯುತ್ತಿದ್ದವು. ಹೋಟೆಲಿನ ಬಾಗಿಲಲ್ಲಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು: ಮೇಲೆ ನಾಲ್ಕು ಅಡಿ, ಕೆಳಗೆ ಸೊನ್ನೆ.

"ಎಲ್ಲಿದೆಯಪ್ಪಾ ನಿನ್ನ ನಾಲ್ಕು ಅಡಿ?" ಎಂದು ಕೇಳಿದೆ.

"ಮ್ಯಾಲೈತಲ್ರೀ." ಬೆರಳು ತೋರಿಸಿದ. ಬಹಳ ದೂರದ ಒಂದು ಶಿಖರದ ನೆತ್ತಿಯಲ್ಲಿ ಪಂಚೆ ಒಣಹಾಕಿದಷ್ಟು ಬಿಳಿ ಕಾಣಿಸಿತು.

"ಅಲ್ಲಿಗೆ ಕರಕೊಂಡು ಹೋಗು."

"ರಸ್ತಾ ಬಂದ್ ಐತ್ರೀ."

"ಯಾಕೆ?"

"ಹಿಮ ಬಿದ್ದೈತಲ್ರೀ!"

ಹಿಮ ಇಲ್ಲದ ಕಡೆ ಹಿಮ ಇಲ್ಲ. ಹಿಮ ಇರುವ ಕಡೆ ಹಿಮ ಇದೆ ಎಂಬ ಕಾರಣಕ್ಕೆ ಹೋಗುವಂತಿಲ್ಲ. ಇದರಲ್ಲಿ ಎಲ್ಲಿ ಹಿಡಿದು ಜಗಳ ಶುರು ಮಾಡಬೇಕು ಎಂದೇ ತಿಳಿಯಲಿಲ್ಲ.

ನಮ್ಮ ತಂಡದಲ್ಲಿ ಯಲ್ಲಾಪುರದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರು ಇದ್ದರು. ವರ್ಷಗಟ್ಟಲೆ ತಮ್ಮ ಅಂಗಳದಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಟ್ಟವರು. ಅವರು ಛತ್ರಿಯ ತುದಿಯನ್ನು ಹುಲ್ಲಿಗೆ ಚುಚ್ಚಿ ನೋಡಿದರು, ಕರಿಹಲಗೆ ನೋಡಿದರು, ಡೈರಿ ತೆಗೆದರು.

"ಮಾರಾಯ್ರೆ, ಸಿಟ್ಟು ಮಾಡ್ಬೇಡಿ. ಮೇಲೆ ನಾಲ್ಕು, ಕೆಳಗೆ ಸೊನ್ನೆ. ಸರಾಸರಿ ಎರಡು ಅಡಿ ಆಯ್ತು. ಲೆಕ್ಕದ ಪ್ರಕಾರ ನಾವು ಎರಡು ಅಡಿ ಹಿಮದಲ್ಲೇ ನಿಂತಿದ್ದೇವೆ, ಕಾಣೂದಿಲ್ಲ ಅಷ್ಟೆ."

ರೋಮದ ಕೋಟು

ಹಿಮ ಇಲ್ಲದಿದ್ದರೂ ಹಿಮದ ಬಟ್ಟೆ ಕಡ್ಡಾಯ. ಮರುದಿನ ಬೆಳಿಗ್ಗೆ ಎಲ್ಲರಿಗೂ ಬಾಡಿಗೆಯ ರೋಮದ ಕೋಟು, ಮೊಣಕಾಲ ತನಕದ ಬೂಟು ತೊಡಿಸಿದರು. ಮೇಲೆ ಸುಡುವ ಬಿಸಿಲು. ಅಕ್ಕ ಸೀರೆಯ ಮೇಲೆ ಕೋಟು ಹಾಕಿಕೊಂಡು, "ತಮಾ, ಬೆವರು ಬಿಡಲೆ ಇಷ್ಟು ದೂರ ಬರಕಾಗಿತ್ತಾ? ನಮ್ಮನೆ ಬಚ್ಚಲ ಒಲೆ ಎದುರಿಗೆ ಕೂತಿದ್ರೆ ಆಗ್ತಿತ್ತು" ಎಂದಳು.

ಪೋಸ್ಟ್‌ಮಾಸ್ತರರ ಕೋಟು ಕರಿಯದು, ಟೊಪ್ಪಿಗೆಯೂ ಕರಿಯದು. ಸುಸ್ತಾಗಿ ಒಂದು ಬಂಡೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಬೇರೆ ಯಾವುದೋ ಊರಿನ ಪ್ರವಾಸಿಯೊಬ್ಬ ಬಂದು, ತನ್ನ ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ ಫೋಟೋ ತೆಗೆದ. ಮಾಸ್ತರರು ಅಲುಗಾಡಲಿಲ್ಲ. ಅಲ್ಲಿಯ ಪದ್ಧತಿ ಹೀಗಿರಬೇಕು ಎಂದುಕೊಂಡರಂತೆ. ಆತ ಹೋಗುವಾಗ ಅವರ ಕೈಯಲ್ಲಿ ಹತ್ತು ರೂಪಾಯಿ ಇಟ್ಟ. ಪಕ್ಕದಲ್ಲಿ ಚಮರೀಮೃಗದ ಜೊತೆ ಫೋಟೋ ತೆಗೆಸುವವನು ಓಡಿ ಬಂದು ನಮ್ಮೊಡನೆ ಜಗಳ ತೆಗೆದ: "ಇದು ನನ್ನ ಜಾಗ. ನಿಮ್ಮ ಕರಡಿಯನ್ನು ಆಚೆ ಕೂರಿಸಿಕೊಳ್ಳಿ."

ಹಲಗೆಯ ಪಾಠ

ಹಿಮದ ಮೇಲೆ ಜಾರುವುದನ್ನು ಕಲಿಸುತ್ತೇವೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಅಚ್ಚಾದದ್ದನ್ನು ನಾನು ಬಿಡುವವನಲ್ಲ. ಕಲಿಸಿ ಎಂದು ಪಟ್ಟು ಹಿಡಿದೆ. ಕಲಿಸುವವನು ಬಂದ. ನಮ್ಮ ಕಾಲಿಗೆ ಎರಡೆರಡು ಉದ್ದ ಹಲಗೆ ಕಟ್ಟಿ ಹುಲ್ಲುಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿದ.

"ಮೊಣಕಾಲು ಬಗ್ಗಿಸಿ" ಎಂದ. ಬಗ್ಗಿಸಿದೆವು. "ಮುಂದಕ್ಕೆ ವಾಲಿ." ವಾಲಿದೆವು. ಒಬ್ಬರೂ ಒಂದು ಇಂಚು ಕದಲಲಿಲ್ಲ.

"ಜಾರುತ್ತಿಲ್ಲವಲ್ಲ?" ಎಂದೆ.

"ಸೀಸನ್ ಈಗಷ್ಟೇ ಶುರು ಸಾಹೇಬರೇ. ಮೊದಲ ವಾರ ನಿಲ್ಲುವುದನ್ನಷ್ಟೇ ಕಲಿಸುತ್ತೇವೆ."

ನಿಲ್ಲುವುದನ್ನು ನನಗೆ ಕಲಿಸುತ್ತಾನಂತೆ! ಕಚೇರಿಗಳ ಎದುರು ಬೆಳಗಿನಿಂದ ಸಂಜೆ ತನಕ ನಿಂತು ಕಾಲು ಬಾತವನಿಗೆ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ದನ ಬಂದು ನನ್ನ ಹಲಗೆಯನ್ನು ನೆಕ್ಕತೊಡಗಿತು. ಹಲಗೆಗೆ ಹಚ್ಚಿದ ಮೇಣದ ರುಚಿ ಹತ್ತಿರಬೇಕು. ನಾನು ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಹಲಗೆ ಬಿಚ್ಚುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. "ಹೈ ಹೈ" ಎಂದೆ. ಅದಕ್ಕೆ ಕನ್ನಡ ತಿಳಿಯಲಿಲ್ಲ.

ಕಲಿಸುವವನು ದನ ಓಡಿಸಲು ಓಡಿ ಬಂದವನು ಹಸಿ ಸಗಣಿಯ ಮೇಲೆ ಕಾಲಿಟ್ಟ. ಮೊಣಕಾಲು ಬಗ್ಗಿಸಿ, ಮುಂದಕ್ಕೆ ವಾಲಿ, ಎರಡೂ ಕೈ ಚಾಚಿ, ಗುಡ್ಡದ ಬುಡದ ತನಕ ನೆಟ್ಟಗೆ ಜಾರಿಹೋದ. ಹದಿನೆಂಟೂ ಜನ ಚಪ್ಪಾಳೆ ತಟ್ಟಿದೆವು.

ಮ್ಯಾನೇಜರ್ ಹೇಳಿದ: "ನೋಡ್ಕೊಂಡ್ರಿಲ್ಲೋ? ಹಿಂಗ ಜಾರೂದ್ರಿ."

ಮೂಟೆಯಲ್ಲಿ ಬಂದ ಹಿಮ

ಮೂರನೇ ದಿನ ನಾನು ಮ್ಯಾನೇಜರನನ್ನು ಸರಿಯಾಗಿ ಹಿಡಿದುಕೊಂಡೆ. ಸುಳ್ಳು ಹೇಳಿದವರು ಯಾರು? ಮ್ಯಾನೇಜರ್ ಹೋಟೆಲಿನವನನ್ನು ತೋರಿಸಿದ. ಹೋಟೆಲಿನವನು ಕ್ಯಾಲೆಂಡರ್ ತೋರಿಸಿದ: "ಡಿಸೆಂಬರ್ ಬಂದರೆ ಸೀಸನ್ ಶುರು. ನಾವು ಶುರು ಮಾಡಿದ್ದೇವೆ." ಹಾಗಾದರೆ ಹಿಮ ಯಾಕೆ ಶುರು ಮಾಡಿಲ್ಲ ಎಂದು ಕೇಳಿದೆ. ಆತ ಆಕಾಶ ತೋರಿಸಿದ. ನಾನು ಮೇಲೆ ನೋಡಿದೆ. ಅಲ್ಲಿ ಮನವಿ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ನನ್ನ ಕಾಟ ತಡೆಯಲಾರದೆ ಸಂಜೆಗೆ ಹೋಟೆಲಿನವನು ಮೇಲಿನ ಬೆಟ್ಟದಿಂದ ಒಂದು ಹೇಸರಗತ್ತೆಯ ಮೇಲೆ ಎರಡು ಗೋಣಿಚೀಲ ಹಿಮ ತರಿಸಿದ. ಅಂಗಳದಲ್ಲಿ ತಾಡಪಾಲು ಹಾಸಿ ಸುರುವಿದರು. ರೇಶನ್ ಅಂಗಡಿಯ ಹಾಗೆ ಸಾಲು. ಒಬ್ಬೊಬ್ಬರಾಗಿ ಹೋಗಿ ಮುಟ್ಟಿ, ಮುಖಕ್ಕೆ ಹಚ್ಚಿಕೊಂಡು ಬಂದರು. ಪೋಸ್ಟ್‌ಮಾಸ್ತರರು ಛತ್ರಿ ಊರಿ "ಒಂದೂವರೆ ಇಂಚು" ಎಂದು ಬರೆದುಕೊಂಡರು.

ಅಕ್ಕನ ಸರದಿ ಬಂತು. ಅವಳು ಮುಟ್ಟಲೂ ಇಲ್ಲ. ತನಗೆ ಬೇಡವೆಂದು ಕೈಯಾಡಿಸಿ, "ಇದು ಯಂಗೆ ಬೇಡ" ಎಂದಳು.

"ಎಂತಕ್ಕೆ ಅಕ್ಕಾ? ಹಿಮವೇ ಸೈ ಅಲ್ದಾ?"

"ಆಕಾಶದಿಂದ ಬಪ್ಪುದು ಬೇಕು ಯಂಗೆ. ಇದು ಕತ್ತೆ ಮೇಲೆ ಬಂದಿದ್ದು. ಹಿಮ ಬಪ್ಪಾಗ ಟಕ್ ಟಕ್ ಹೇಳಿ ಗೊರಸಿನ ಸಪ್ಪಳ ಆಗ್ತು ಹೇಳಿ ಮಕ್ಕಳಿಗೆ ಹೇಳ್ಲಾ?"

ಬೇಕೇ ಬೇಕು

ನಾಲ್ಕನೇ ದಿನ ಬೆಳಿಗ್ಗೆ ಊರಿಗೆ ಹೊರಟುಬಿಟ್ಟೆವು. ಬಸ್ಸು ಎರಡು ತಿರುವು ಇಳಿದಿತ್ತು. ಆಗ ಹಿಮ ಬೀಳಲು ಶುರುವಾಯಿತು.

"ನಾ ಹೇಳಿರಲಿಲ್ಲೇನ್ರೀ!" ಎಂದು ಮ್ಯಾನೇಜರ್ ಕುಣಿದ.

ಅಕ್ಕ ಕಿಟಕಿಗೆ ಕಿವಿ ಹಚ್ಚಿದಳು. ಗಾಜು ಬಿಗಿದುಕೊಂಡಿತ್ತು, ತೆಗೆಯಲು ಬರುತ್ತಿರಲಿಲ್ಲ. ಬಸ್ಸಿನ ಎಂಜಿನ್ನು ಅಕ್ಕಿಗಿರಣಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಐದು ನಿಮಿಷ ನಿಲ್ಲಿಸು ಎಂದು ಡ್ರೈವರನಿಗೆ ಕೈ ಮುಗಿದೆ. ನಿಲ್ಲಿಸುವುದಿಲ್ಲ ಎಂದ. ರಸ್ತೆ ಮುಚ್ಚಿದರೆ ಮೂರು ದಿನ ಇಲ್ಲೇ ಬಿದ್ದಿರಬೇಕು ಎಂದ.

"ಹೋಗ್ಲಿ ಬಿಡು ತಮಾ" ಎಂದು ಅಕ್ಕ ಕಿಟಕಿಯಿಂದ ಈಚೆ ಸರಿದು ಕೂತಳು. "ಗೊತ್ತಾಜಿಲ್ಲೆ ಹೇಳಿ ಆ ಕೂಸಿಗೆ ಹೇಳ್ತೆ."

ಮೂವತ್ತೈದು ವರ್ಷ ಗೊತ್ತಿಲ್ಲ ಎನ್ನದವಳು ಈಗ ಹಾಗೆ ಹೇಳಿದ್ದು ನನ್ನಿಂದ ತಡೆಯಲಾಗಲಿಲ್ಲ. ಮುಂದೆ ಒಂದು ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ನಾನು ಇಳಿದವನೇ ಬಸ್ಸಿನ ಎದುರು ರಸ್ತೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. "ಇಳೀರಿ ಎಲ್ಲಾ, ಕೂರಿ!" ಎಂದೆ. ನಮ್ಮ ಕಡೆಯ ಜನ. ಧರಣಿ ಎಂದರೆ ಯಾಕೆ ಎಂದು ಕೇಳುವ ಮೊದಲೇ ಕೂತು ರೂಢಿ. ಕೂತರು. ಬಾಯಿಗೆ ಬಂದ ಘೋಷಣೆ ಕೂಗಿದೆ: "ಬೇಕೇ ಬೇಕು! ಹಿಮ ಬೇಕು!"

ಹೀಗೆ ಕೂಗುವಾಗ ಬಾಯಿಯೊಳಗೇ ಹಿಮ ಬೀಳುತ್ತಿತ್ತು. ಉಗಿದು ಮತ್ತೆ ಕೂಗಿದೆ.

ಒಬ್ಬ ಪೋಲೀಸಿನವನು ಬಂದ. "ಏನು ನಿಮ್ಮ ಬೇಡಿಕೆ?" ಎಂದು ಹಿಂದಿಯಲ್ಲಿ ಕೇಳಿದ.

"ಹಿಮ" ಎಂದೆ.

ಆತ ನನ್ನನ್ನು ನೋಡಿದ. ಆಕಾಶ ನೋಡಿದ. ಟೊಪ್ಪಿಗೆ ತೆಗೆದು ಅದರ ಮೇಲಿನ ಹಿಮ ಕೊಡವಿದ. ಮೆತ್ತಗೆ ಕೇಳಿದ: "ಎಷ್ಟು ಬೇಕು?"

ಅಷ್ಟರಲ್ಲಿ ಹಿಂದೆ ನಿಂತ ಲಾರಿಗಳ ಡ್ರೈವರುಗಳು ಬಂದು ನಮ್ಮ ಜೊತೆ ಕೂತರು. ಯಾವ ಸಂಘ ಎಂದು ಯಾರೂ ಕೇಳಲಿಲ್ಲ. ಡೀಸೆಲ್ ಬೆಲೆ ಇಳಿಸಿ ಎಂದು ಅವರು ಕೂಗಿದರು. ಅವರ ಹಿಂದಿನ ಟ್ಯಾಕ್ಸಿಯವರು ಮತ್ತೇನನ್ನೋ ಕೂಗಿದರು. ನಮ್ಮ ಪೋಸ್ಟ್‌ಮಾಸ್ತರರು ಪಿಂಚಣಿ ಹೆಚ್ಚಿಸಿ ಎಂದರು. ನಮ್ಮ ಮ್ಯಾನೇಜರನೂ ಮುಷ್ಟಿ ಎತ್ತಿ "ಮೋಸಗಾರರಿಗೆ ಧಿಕ್ಕಾರ!" ಎನ್ನುತ್ತಿದ್ದ. ಯಾರ ಧರಣಿ, ಯಾರ ಮೇಲೆ, ಒಂದೂ ಅರ್ಥವಾಗದೆ ನಾನು ಇನ್ನೂ ಗಟ್ಟಿಯಾಗಿ ಕೂಗಿದೆ.

ಆಗ ಅಕ್ಕ ಬಸ್ಸಿನಿಂದ ಇಳಿದು ಬಂದಳು. ನಡುರಸ್ತೆಯಲ್ಲಿ ನಿಂತು ಕೈ ಎತ್ತಿ ಒಂದೇ ಮಾತು ಹೇಳಿದಳು: "ಬಾಯ್ಮುಚ್ಚಿ!"

ಲಾರಿಯವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಬಾಯಿ ಮುಚ್ಚಿದರು. ಒಬ್ಬನಂತೂ ಕೈ ಕಟ್ಟಿ ಕೂತ. ಪೋಲೀಸಿನವನು ನೆಟ್ಟಗೆ ನಿಂತ. ಬಸ್ಸಿನ ಡ್ರೈವರ್ ತಾನಾಗಿಯೇ ಎಂಜಿನ್ ಆಫ್ ಮಾಡಿದ.

"ಹಿಮ ಬೀಳಲೆ ಹಿಡಿದು ಅರ್ಧ ತಾಸಾತು ತಮಾ. ನಿನ್ನ ಗಲಾಟೆಲಿ ಯಂಗೆ ಒಂದು ಚೂರೂ ಕೇಳಿದ್ದಿಲ್ಲೆ!"

ನಾನು ತುಟಿ ಬಿಗಿದು ಕೂತೆ. ರಸ್ತೆಯ ತುಂಬ ಕೂತ ಜನ, ಯಾಕೆಂದು ತಿಳಿಯದೆ, ಅಕ್ಕನ ಹಾಗೇ ತಲೆ ವಾರೆ ಮಾಡಿ ಆಲಿಸಿದರು. ಅವಳ ಸೆರಗಿನ ಮೇಲೆ, ಲಾರಿಗಳ ಮೇಲೆ, ನನ್ನ ಮೊಣಕಾಲ ಮೇಲೆ ಹಿಮ ಬೀಳುತ್ತಲೇ ಇತ್ತು.

ಬಹಳ ಹೊತ್ತಿನ ಮೇಲೆ ಪಿಸುಗುಟ್ಟಿದೆ: "ಕೇಳಿಸ್ತಾ ಅಕ್ಕಾ?"

"ಸಪ್ಪಳ ಇಲ್ಲೆ" ಎಂದಳು. ಮುಖ ಅರಳಿತ್ತು.

"ಮತ್ತೆ ಮಕ್ಕಳಿಗೆ ಎಂತ ಹೇಳ್ತೆ?"

"ನನ್ನ ತಮ್ಮ ಬಾಯಿ ಮುಚ್ಚಿದ ಹಾಂಗೆ ಹೇಳಿ ಹೇಳ್ತೆ. ಆದ್ರೆ ಅದನ್ನೂ ಅವು ಯಾರೂ ಇಲ್ಲಿ ತನಕ ಕೇಳಿದ್ದಿಲ್ಲೆ."

ನಗಬೇಡಿ. ನನ್ನ ಅಕ್ಕನಿಗೆ ಉತ್ತರ ಸಿಕ್ಕಿದ್ದು ಊರಿಗೆ ವಾಪಸ್ ಹೊರಟ ಮೇಲೆ, ಅದೂ ದಾರಿಗೆ ಒಂದು ಚೆಕ್‌ಪೋಸ್ಟ್ ಅಡ್ಡ ಬಂದದ್ದರಿಂದ. ನಿಮಗೆ ಅದೂ ಸಿಗಲಿಕ್ಕಿಲ್ಲ. ಸೀಸನ್ ಶುರುವಾಗಿದೆ ಎಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಅವನ ಕೈಗೆ ಕಾಗದ, ಪೆನ್ನು ಕೊಡಿ. ಎಷ್ಟು ಹಿಮ, ಯಾವ ಜಾಗದಲ್ಲಿ, ಯಾವ ದಿನ ಅಳೆದದ್ದು, ಅಳೆದವನು ಯಾರು, ನಾಲ್ಕನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡದಿದ್ದರೆ ಬಸ್ಸು ಹತ್ತಬೇಡಿ. ಹತ್ತಿಬಿಟ್ಟಿದ್ದರೆ, ಇಳಿದು ಅದರ ಎದುರು ಕೂರಿ.