ಕಾಲುದಾರಿ ಪ್ರಯಾಣಿಕರ ಗಮನಕ್ಕೆ

ಹೆಂಡತಿಗೆ ಬಡ್ತಿ ಸಿಕ್ಕರೆ ಬೇರೆ ಗಂಡಂದಿರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಾನು ಊರೊಳಗೆ ಕಾಡು ಹುಡುಕಲು ಹೊರಟೆ.

ಕಾರಣವಿತ್ತು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನಾಕೆಗೆ ಬಡ್ತಿಯ ಬಾಲ ಹಿಡಿದು ವರ್ಗಾವಣೆಯೂ ಬಂದಿತ್ತು, ದೂರದ ಒಂದು ಸಣ್ಣ ಊರಿಗೆ. ಸೋಮವಾರದೊಳಗೆ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು.

"ಅಲ್ಲಿ ಲ್ಯಾಬಿನ ಹಿಂದೇನೇ ಗುಡ್ಡ ಅಂತೆ ರೀ," ಎಂದಳು, ತಟ್ಟೆಯ ಮೇಲೆ ಕೈಯಿಟ್ಟು ಎತ್ತಲೋ ನೋಡುತ್ತ. "ಇಲ್ಲೇನಿದೆ? ನಮ್ಮ ಕಿಟಕಿ ತೆಗೆದ್ರೆ ಅವರ ಅಡುಗೆಮನೆ. ಅವರ ಕಿಟಕಿ ತೆಗೆದ್ರೆ ನಮ್ಮದು."

ನನಗೆ ನೆನಪಾದದ್ದು ನನ್ನ ಕೆಲಸ. ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಪ್ರಕಟಣೆ ಹೇಳುವವನು. ನನ್ನ ಒಂದು ಮಾತಿಗೆ ಜನ ಗಂಟುಮೂಟೆ ಹೊತ್ತು ಓಡುತ್ತಾರೆ. (ನಾನು ಮಾತ್ರ ಎಲ್ಲಿಗೂ ಹೋದವನಲ್ಲ. ದೀಪದ ಬುಡ ಕತ್ತಲೆ.) ಸಣ್ಣ ಊರಿಗೆ ದಿನಕ್ಕೆ ಬರುವುದೇ ಒಂದೋ ಎರಡೋ ಬಸ್ಸು. ಬಂದರೆ ಕಣ್ಣಿಗೇ ಕಾಣುತ್ತದೆ. ಅದಕ್ಕೆ ನನ್ನ ಕಂಠಶ್ರೀ ಯಾಕೆ ಬೇಕು?

ಹಾಗಾಗಿ, ಬಳಕೆ ತಪ್ಪಿದ ರೈಲು ಹಳಿಯ ಗುಂಟ ಹೊಸದಾಗಿ ಕಾಲುದಾರಿ ಮಾಡಿದ್ದಾರಂತೆ, ಪೊದೆಗಾಡು ಹೊಕ್ಕು ತೊರೆಯವರೆಗೂ ಹೋಗುತ್ತದಂತೆ ಎಂದು ಟಿಕೆಟ್ ಕೌಂಟರಿನವನು ಹೇಳಿದ್ದೇ ತಡ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಊರೊಳಗೇ ಪ್ರಕೃತಿ ತೋರಿಸಿಬಿಟ್ಟರೆ ಆ ಗುಡ್ಡದ ಹಂಗೇಕೆ? ನನ್ನನ್ನು ದಾರಿಗೆ ತರುವುದು ಅವಳ ಹಳೆಯ ಪ್ರಯತ್ನ. ಅವಳನ್ನು ಕಾಲುದಾರಿಗೆ ತರುವುದು ನನ್ನ ಹೊಸ ಮಹಾಯೋಜನೆ.

ಭಾನುವಾರ ಬೆಳಿಗ್ಗೆ ಟೊಪ್ಪಿಗೆ, ಊರುಗೋಲು, ನೀರಿನ ಬಾಟಲಿ ಸಮೇತ ನಾನು ಸನ್ನದ್ಧನಾದೆ. ಆಕೆ ಹಳೆಯ ಕ್ಯಾನ್ವಾಸ್ ಬೂಟು ಮೆಟ್ಟಿಕೊಂಡು ಸುಮ್ಮನೆ ಬಂದಳು. ಗ್ಯಾರೇಜುಗಳ ಹಿಂದೆ, ಬೇಲಿಯ ಸಂದಿಯಲ್ಲಿ ದಾರಿ ಶುರುವಾಗುತ್ತಿತ್ತು. ಒಳಗೆ ಕಾಲಿಟ್ಟದ್ದೇ ನನ್ನ ಗಂಟಲು ತಂತಾನೇ ತೆರೆದುಕೊಂಡಿತು.

"ಎಡಗಡೆ ಕಾಣುತ್ತಿರುವುದು ಶತಮಾನಗಳಷ್ಟು ಹಳೆಯ ಒಂದು ಹೆಮ್ಮರ!"

"ಅದು ಬಳ್ಳಿ ಹಬ್ಬಿದ ಮೊಬೈಲ್ ಟವರ್ರು ಕಣ್ರೀ."

ಅಷ್ಟರಲ್ಲಿ ಹಿಂದೆ ಯಾರೋ ಸೇರಿಕೊಂಡರು. ಕೊಡೆ ಹಿಡಿದ ಒಬ್ಬ ಅಜ್ಜಿ, ಮಗುವನ್ನು ಎತ್ತಿಕೊಂಡ ದಂಪತಿ, ಬೆವರೊರೆಸಿಕೊಳ್ಳುತ್ತಿದ್ದ ಒಬ್ಬ ದಪ್ಪ ಮನುಷ್ಯ. ನನ್ನ ದನಿ ಅವರಿಗೆಲ್ಲ ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ನೆನಪಾಗದಿದ್ದರೂ, ನಂಬಿ ಹೊರಡುವುದು ಮಾತ್ರ ಅವರ ಕಾಲುಗಳಿಗೆ ನೆನಪಿತ್ತು.

ಅಜ್ಜಿ ನನ್ನಾಕೆಯನ್ನು ಮೆಲ್ಲಗೆ ಕೇಳಿದರು. "ಯಾರಮ್ಮ ಅವರು? ಸರ್ಕಾರದವರಾ?"

"ಗೊತ್ತಿಲ್ಲಮ್ಮ," ಎಂದಳು, ಅಗ್ನಿಸಾಕ್ಷಿಯಾಗಿ ನನ್ನ ಕೈ ಹಿಡಿದವಳು. "ತಿಳಿದವರ ಥರ ಮಾತಾಡ್ತಿದಾರೆ, ಅಷ್ಟೆ."

ಮುಂದೆ ದಾರಿ ಕವಲೊಡೆಯಿತು. ಬಲಕ್ಕೆ ಹುಲ್ಲು ಮುಚ್ಚಿದ ಸಣ್ಣ ಜಾಡು. ಎಡಕ್ಕೆ ಅಗಲವಾದ ರಾಜಮಾರ್ಗ.

"ಬಲಗಡೆ ನೀರಿನ ಸದ್ದು ಕೇಳ್ತಿದೆ ರೀ," ಎಂದಳು ಹಿಂದಿನಿಂದ.

ಹಿಂಬಾಲಕರ ಎದುರು ಹೆಂಡತಿಯ ಮಾತು ಕೇಳುವ ನಾಯಕನನ್ನು ಎಲ್ಲಾದರೂ ಕಂಡಿದ್ದೀರಾ? "ಎಲ್ಲರೂ ಎಡಕ್ಕೆ!" ಎಂದೆ. ಎಲ್ಲರೂ ಎಡಕ್ಕೆ ತಿರುಗಿದರು. ರಾಜಮಾರ್ಗ ಬರಬರುತ್ತ ಸಾಮಂತನಾಯಿತು, ಆಮೇಲೆ ಭಿಕಾರಿಯಾಯಿತು. ಮುಳ್ಳು ನನ್ನ ಅಂಗಿ ಹಿಡಿದು ಎಳೆಯಿತು. ಪೊದೆಯಾಚೆ ಬೆಳ್ಳಗೆ ಏನೋ ತೇಲುತ್ತಿತ್ತು.

"ಎದುರಿಗೆ ಕಾಣುತ್ತಿರುವುದು ಮುಂಜಾವಿನ ಮಂಜು!"

ಮಂಜಿನೊಳಗಿಂದ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡ ಹೆಂಗಸೊಬ್ಬಳು ಹೊರಬಂದಳು. "ಇಲ್ಲಿ ದಾರಿ ಇಲ್ಲ. ಒದ್ದೆ ಹಾಸಿಗೆಬಟ್ಟೆ ಒಣಗ್ತಿದೆ, ಯಾರೂ ಮುಟ್ಬೇಡಿ!"

ಅದು ಒಂದು ಲಾಂಡ್ರಿಯ ಹಿತ್ತಲು. ನಾನು ಹಿಂದಿರುಗಿ ನೋಡಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮೆರವಣಿಗೆ ತಿರುಗಿದ್ದರಿಂದ ಬಾಲದಲ್ಲಿದ್ದ ನನ್ನಾಕೆ ತಲೆಯಾದಳು, ತಲೆಯಾಗಿದ್ದ ನಾನು ಬಾಲವಾದೆ. ಆಕೆ ಯಾರಿಗೂ ಏನೂ ಹೇಳದೆ ಬಲಗಡೆಯ ಜಾಡಿನಲ್ಲಿ ನಡೆದಳು. ನಡೆ ನುಡಿ ಒಂದಾಗಿರಬೇಕು ಅನ್ನುತ್ತಾರೆ. ನಮ್ಮ ಸಂಸಾರದಲ್ಲಿ ನುಡಿಯೆಲ್ಲ ನನ್ನದು, ನಡೆಯೆಲ್ಲ ಅವಳದು.

ತೊರೆ ನಿಜವಾಗಿಯೂ ಇತ್ತು. ಒಂದು ಕಡೆ ಗೋದಾಮಿನ ಗೋಡೆ, ಇನ್ನೊಂದು ಕಡೆ ಪೊದೆ, ನಡುವೆ ತೆಳ್ಳಗೆ ನೀರು. ಬಾಗಿದ ಒಂದು ತುಕ್ಕು ಕಂಬಿಯ ಮೇಲೆ ಮಿಂಚುಳ್ಳಿ ಕೂತಿತ್ತು. ಎಲ್ಲರೂ ಅಲ್ಲಲ್ಲಿ ಕಲ್ಲು ಹುಡುಕಿಕೊಂಡು ಕೂತರು. ನಾನು ಬಾಯಿ ತೆರೆದೆ. ಆಕೆ ನನ್ನ ಕೈ ಮೇಲೆ ಕೈಯಿಟ್ಟಳು.

"ಸುಮ್ನಿರಿ. ಅದು ಯಾವ ಬಸ್ಸಿಗೂ ಕಾಯ್ತಿಲ್ಲ."

ಸುಮ್ಮನಾದೆ. ಮೊದಮೊದಲು ಸುಮ್ಮನಿರುವುದು ಕಾಲು ಜೋಮು ಹಿಡಿದಂತಿತ್ತು. ಆಮೇಲೆ ಒಂದೊಂದೇ ಕೇಳತೊಡಗಿತು. ಕಲ್ಲಿನ ಸುತ್ತ ನೀರು ಗೊಣಗುವುದು, ಒಣಗಿದೆಲೆಯಲ್ಲಿ ಏನೋ ಸರಿಯುವುದು, ದೂರದ ಹಾರನ್ನುಗಳು ಬೇರೆ ಯಾರದೋ ಊರಿನವು ಎಂಬಂತೆ ಕೇಳುವುದು. ಪಕ್ಕಕ್ಕೆ ನೋಡಿದೆ. ಆಕೆಯ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತೋ! ಅದನ್ನು ಯಾರೂ ಪ್ರಕಟಿಸಿರಲಿಲ್ಲ. ಹಕ್ಕಿಯ ಕಡೆ ನೋಡುತ್ತಿದ್ದ ಆ ಮುಖದಲ್ಲಿ ಮನೆಯಲ್ಲಿ ನಾನೆಂದೂ ಕಾಣದ ಒಂದು ಬಿಡುವು ಇತ್ತು. ಇಷ್ಟೇ ಇಷ್ಟು ನೀರಿಗೆ ಇಷ್ಟು ಸಂತೋಷವಾದರೆ, ಗುಡ್ಡಕ್ಕೆ ಎಷ್ಟಾಗಬೇಡ?

"ಹೋಗೋಣ ಕಣೆ," ಎಂದೆ, ನನ್ನ ಮಟ್ಟಿಗೆ ಪಿಸುದನಿಯಲ್ಲಿ. "ಆ ಊರಿಗೆ. ನಾನೂ ಬರ್ತೀನಿ."

"ಮೈಕು?"

"ಇರ್ಲಿ ಬಿಡು."

ಆಕೆ ಹಕ್ಕಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನಾನು ಶುಕ್ರವಾರವೇ ಆಗಲ್ಲ ಅಂದುಬಿಟ್ಟೆ ಕಣ್ರೀ. ನಿಮ್ಮನ್ನ ಆ ಮೈಕಿನಿಂದ ಕಿತ್ರೆ ನೀವು ಬಾಡಿಹೋಗ್ತೀರ ಅನ್ನಿಸ್ತು."

ನನಗೆ ಕಣ್ಣು ಮಂಜಾಯಿತು. (ಈ ಸಲ ನಿಜವಾದದ್ದು.) "ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಅಂತಾನೇ ಓಡಿ ಬಂದೆ. ಬಾಗಿಲಲ್ಲೇ ಶುರು ಮಾಡಿದ್ರಲ್ಲ, ಕಾಲುದಾರಿ, ಹಕ್ಕಿ, ತೊರೆ! ಮಧ್ಯೆ ಬಾಯಿ ಹಾಕೋಕೆ ಒಂದು ಸಂದಿ ಸಿಗ್ಲಿಲ್ಲ."

"ಹಾಗಾದ್ರೆ ಮುಗೀತು ಬಿಡು!" ಎಂದು ಸಮಾಧಾನದ ಉಸಿರು ಬಿಟ್ಟೆ. ಸ್ವಲ್ಪ ಜೋರಾಗಿಯೇ ಬಿಟ್ಟೆನೇನೋ.

"ಎಲ್ಲಿ ಮುಗೀತು? ನಾಳೆವರೆಗೂ ಟೈಮಿದೆ. ಬೆಳಿಗ್ಗೆ ಹೋಗಿ ಹೂಂ ಅಂದ್ರಾಯ್ತು. ಬರ್ತೀನಿ ಅಂತ ನೀವೇ ಅಂದ್ರಲ್ಲ, ಇಷ್ಟು ಜನರೆದುರಿಗೆ."

"ಮೆಲ್ಲಗೆ ಹೇಳಿದ್ದು ಕಣೆ ನಾನು!"

"ಇಲ್ಲ ಸಾರ್," ಎಂದ ದಪ್ಪ ಮನುಷ್ಯ ತನ್ನ ಕಲ್ಲಿನ ಮೇಲಿಂದಲೇ. "ಸ್ಪಷ್ಟವಾಗಿ ಕೇಳಿಸ್ತು."

ಎಲ್ಲರೂ ತಲೆಯಾಡಿಸಿದರು. ಹೊರಡುವ ಬಸ್ಸುಗಳನ್ನು ಪ್ರಕಟಿಸುವುದಷ್ಟೇ ನನ್ನ ಕೆಲಸ. ರದ್ದು ಮಾಡುವ ಅಧಿಕಾರ ನನಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ.