ಹುಟ್ಟಿದ ಮರುಸುತ್ತಿಗೇ ಕೆಲಸಕ್ಕೆ ಹೊರಟ ಕೂಸು

‘ಉಪ್ಪಿನ ಬಂದರು’ ಎಂಬ ಹಲಗೆಯಾಟವನ್ನು ರೂಪಿಸಿ, ಅದಕ್ಕೊಂದು ಮೂವತ್ತಾರು ಪುಟಗಳ ನಿಯಮ ಪುಸ್ತಕವನ್ನೂ ಬರೆದು, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುರುಕಿ ಲೋಕದ ಮೇಲೆ ಬಿಟ್ಟಿರುವ ಕಂಪನಿಯ ಮುಖ್ಯಸ್ಥರ ಸನ್ನಿಧಿಗೆ.

ಮಾನ್ಯರೇ,

ತಾವೂ ತಮ್ಮ ಸಿಬ್ಬಂದಿಯೂ ಸುಖವಾಗಿದ್ದೀರೆಂದು ನಂಬಿ, ತಮ್ಮ ಅಮೂಲ್ಯ ಸಮಯದ ಒಂದು ಚೂರನ್ನು ಕಿತ್ತುಕೊಳ್ಳುತ್ತಿರುವುದಕ್ಕೆ ಮುಂಚಿತವಾಗಿ ಕ್ಷಮೆ ಕೋರಿ, ಈ ಪತ್ರವನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಬಲತೋಳಿನ ಮೇಲೆ ನನ್ನ ಎಂಟು ತಿಂಗಳ ಮಗಳು ಮಲಗಿದ್ದಾಳೆ. ನಾನು ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಈಗ ಆ ವಿದ್ಯೆಯೆಲ್ಲ ಮಗು ನಿಮಿಷಕ್ಕೆ ಎಷ್ಟು ಸಲ ಉಸಿರಾಡಿತು ಎಂದು ಎಣಿಸುವುದಕ್ಕೂ, ಎಣಿಕೆ ತಪ್ಪಿತೇನೋ ಎಂದು ಮತ್ತೆ ಎಣಿಸುವುದಕ್ಕೂ ಬಳಕೆಯಾಗುತ್ತಿದೆ.

ದೂರಿಗೆ ಬರುವ ಮೊದಲು ನಮ್ಮ ಮನೆಯ ಪದ್ಧತಿಯೊಂದನ್ನು ತಮ್ಮ ಗಮನಕ್ಕೆ ತರಬೇಕು. ಶನಿವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಸುತ್ತ ನಾಲ್ವರು ಆಟಕ್ಕೆ ಕೂರುತ್ತೇವೆ: ನಾನು, ನನ್ನ ಗಂಡ, ಹಲ್ಲಿನ ಡಾಕ್ಟರಾದ ನನ್ನ ನಾದಿನಿ, ಮತ್ತು ಜಮೀನು ಅಳೆಯುವ ಇಲಾಖೆಯಲ್ಲಿರುವುದರಿಂದ ನಾವೆಲ್ಲ ‘ಅಳತೆಯವರು’ ಎಂದೇ ಕರೆಯುವ ಹಳೆಯ ಗೆಳೆಯರು. ಸರದಿ ಬಂದವರು ಆಟವನ್ನು ಆರಿಸಬೇಕು, ಆರಿಸಿದವರೇ ನಿಯಮಗಳನ್ನು ಓದಿ ಉಳಿದವರಿಗೆ ಕಲಿಸಬೇಕು, ತಪ್ಪು ಕಲಿಸಿದರೆ ಮುಂದಿನ ಮೂರು ಸರದಿಗಳನ್ನು ಕಳೆದುಕೊಂಡು ಅಷ್ಟೂ ದಿನ ಅಂಕ ಬರೆಯುತ್ತ ಕೂರಬೇಕು. ಇದರಿಂದ ಯಾರಿಗೂ ಬಿಡುಗಡೆಯಿಲ್ಲ. ನನ್ನ ಗಂಡ ಒಮ್ಮೆ ಕಬ್ಬಿಣದ ಬದಲು ಕಲ್ಲಿದ್ದಲು ಎಂದು ಹೇಳಿಕೊಟ್ಟು ಈ ಶಿಕ್ಷೆ ಅನುಭವಿಸಿದ್ದಾರೆ. ನಾದಿನಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಂಟುತ್ತ ಬಂದ ದಿನ ತಪ್ಪಿದಾಗಲೂ ಅಳತೆಯವರು, “ಮುರಿದಿರೋದು ಕಾಲು ತಾನೇ ಡಾಕ್ಟ್ರೇ, ತಲೆ ಅಲ್ವಲ್ಲ?” ಎಂದು ಅವಳ ಕೈಗೆ ಪೆನ್ಸಿಲ್ ಕೊಟ್ಟಿದ್ದರು.

ಮಗಳು ಹುಟ್ಟಿದ ಮೇಲೆ ನಿಂತುಹೋಗಿದ್ದ ಈ ಕೂಟ ಹೋದ ತಿಂಗಳು ಮತ್ತೆ ಶುರುವಾಗುವುದಕ್ಕೂ ನನ್ನ ಸರದಿ ಬರುವುದಕ್ಕೂ ಸರಿಹೋಯಿತು. ಆಗ ನಾದಿನಿ, “ಅತ್ತಿಗೆ, ನೀವು ತಲೆ ಕೆಡಿಸ್ಕೋಬೇಡಿ, ನಾನೇ ಏನಾದ್ರೂ ಸಣ್ಣ ಆಟ ತರ್ತೀನಿ, ಬಾತುಕೋಳಿದೊಂದು ಇದೆ, ಮುದ್ದಾಗಿದೆ” ಎಂದಳು. ಮಾನ್ಯರೇ, ಪ್ರೀತಿಯಿಂದಲೇ ಅಂದಳು. ಆ ಬಾತುಕೋಳಿ ಮಾತ್ರ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಇರುವುದರಲ್ಲೆಲ್ಲ ಅತಿ ಕಠಿಣವಾದ ಆಟವನ್ನೇ ಆರಿಸಿ, ಸರಿಯಾಗಿ ಕಲಿಸಿ, ನನ್ನ ತಲೆ ಇನ್ನೂ ಕತ್ತಿನ ಮೇಲೆಯೇ ಇದೆ ಎಂದು ಆ ಮೇಜಿಗೆ ತೋರಿಸದಿದ್ದರೆ ಇನ್ನು ಮುಂದೆ ಜೀವನಪೂರ್ತಿ ಬಾತುಕೋಳಿಯೇ ಗತಿ ಎಂದು ನನಗೆ ಅಲ್ಲಿಯೇ ಖಾತ್ರಿಯಾಯಿತು.

ಹತ್ತು ದಿನ ಒಂದು ಕೈಯಲ್ಲಿ ಮಗುವಿನ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಆಟಗಳ ವಿಮರ್ಶೆಗಳನ್ನು ಓದಿದೆ. ಕೆಲಸಗಾರರೆಂಬ ಮರದ ಬೊಂಬೆಗಳನ್ನು ಹಲಗೆಯ ಮೇಲಿನ ಜಾಗಗಳಿಗೆ ದುಡಿಯಲು ಕಳಿಸುವ ತರಹದ ಆಟವೇ ಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಇರುವವರು ಮೂರೇ ಜನ, ಮಾಡಬೇಕಾದ ಕೆಲಸ ಮೂವತ್ತು, ನಮಗೆ ಬೇಕಾದ ಜಾಗಕ್ಕೆ ಹೋಗಿ ನೋಡಿದರೆ ಇನ್ನೊಬ್ಬರು ಆಗಲೇ ಒಳಗೆ ಸೇರಿಕೊಂಡಿರುತ್ತಾರೆ, ಅವರು ಹೊರಬರುವವರೆಗೆ ಕಾಯುತ್ತ ನಿಲ್ಲಬೇಕು. ಬೆಳಗಿನ ಹೊತ್ತು ನಮ್ಮ ಮನೆಯ ಬಚ್ಚಲಿನಲ್ಲಿ ನನಗೆ ಈ ಆಟ ಚೆನ್ನಾಗಿ ಅಭ್ಯಾಸವಾಗಿತ್ತು. ಅಲ್ಲದೆ ಮರದ ಕೆಲಸಗಾರರನ್ನು ಒಂದು ಕಡೆ ಇಟ್ಟರೆ ಅವರು ಇಟ್ಟಲ್ಲೇ ಇರುತ್ತಾರೆ, ಉರುಳಿಕೊಂಡು ಹೋಗಿ ಚಪ್ಪಲಿ ನೆಕ್ಕುವುದಿಲ್ಲ.

‘ಉಪ್ಪಿನ ಬಂದರು’ ಕೊಡಿ ಎಂದಾಗ ಅಂಗಡಿಯಾತ ನನ್ನನ್ನೂ ನನ್ನ ಸೊಂಟದ ಮೇಲಿದ್ದವಳನ್ನೂ ನೋಡಿ, “ಮೇಡಂ, ಇದು ತುಂಬ ಹೆವಿ. ಮಗು ಇರೋ ಮನೆಗೆ ಇದು ತಗೊಳ್ಳಿ, ಹದಿನೈದೇ ನಿಮಿಷ” ಎಂದು ಏನನ್ನೋ ಮುಂದೆ ಚಾಚಿದ. ಅದರ ಮುಚ್ಚಳದ ಮೇಲೆ ಬಾತುಕೋಳಿಯಿತ್ತು. ನಾನು ತಮ್ಮ ಪೆಟ್ಟಿಗೆಯನ್ನು ಸೊಂಟದ ಇನ್ನೊಂದು ಬದಿಗೆ ಏರಿಸಿಕೊಂಡು ಮನೆಗೆ ಬಂದೆ. ಎರಡೂ ಕಡೆ ತೂಕ ಸಮನಾಗಿದ್ದರಿಂದ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನೆಟ್ಟಗೆ ನಡೆದೆ. ಅದಕ್ಕಾಗಿ ತಮಗೆ ಕೃತಜ್ಞತೆಗಳು.

ಇನ್ನು ದೂರು. ತಮ್ಮ ಆಟದಲ್ಲಿ ‘ತೊಟ್ಟಿಲ ಕೋಣೆ’ ಎಂಬ ಜಾಗವಿದೆ. ಅಲ್ಲಿಗೆ ಇಬ್ಬರು ಕೆಲಸಗಾರರನ್ನು ಕಳಿಸಿದರೆ ಮನೆಗೊಂದು ಕೂಸು ಬರುತ್ತದೆ, ಅಂದರೆ ಒಂದು ಗಿಡ್ಡ ಮರದ ಬೊಂಬೆ. ಅದರ ನಿಯಮವಿರುವುದು ಹನ್ನೊಂದನೆಯ ಪುಟದಲ್ಲಿ. ನಾನು ಆ ಪುಟದ ನಡುವೆ ತಲುಪಿ, ಕಣ್ಣನ್ನು ಒಂದೇ ಒಂದು ಕ್ಷಣ ಮುಚ್ಚಿ ತೆರೆಯುವಷ್ಟರಲ್ಲಿ ಪುಟದ ಕೆಳಗಿನ ಅರ್ಧ ನನ್ನ ಮಗಳ ಬಾಯಿಯೊಳಗಿತ್ತು. ಮುದ್ರಣದ ಶಾಯಿ ವಿಷವೇ ಎಂದು ಕೇಳಲು ನಾದಿನಿಗೆ ಫೋನ್ ಮಾಡಿದೆ, ಮಕ್ಕಳ ಡಾಕ್ಟರಿಗೆ ಎರಡು ಸಲ ಮಾಡಿದೆ, ಇಬ್ಬರೂ ಏನೂ ಆಗುವುದಿಲ್ಲವೆಂದ ಮೇಲೆ ಇಬ್ಬರಿಗೂ ಏನೂ ಗೊತ್ತಿಲ್ಲವೆಂದು ಭಾವಿಸಿ ಸಂಜೆಯವರೆಗೆ ಅವಳ ನಾಲಗೆಯ ಬಣ್ಣ ನೋಡುತ್ತ ಕೂತೆ. ತಮ್ಮ ನಿಯಮ ಮರುದಿನ ಯಥಾವಿಧಿ ಹೊರಬಂತು. ಆದರೆ ಓದುವ ಸ್ಥಿತಿಯಲ್ಲಿರಲಿಲ್ಲ.

ಉಳಿದ ಅರ್ಧ ಪುಟದ ಕೊನೆಯ ಸಾಲು, ಹುಟ್ಟಿದ ಸುತ್ತಿನಲ್ಲಿ ಕೂಸು ಮನೆಯಲ್ಲೇ ಇರಬೇಕು ಎಂದು ಹೇಳಿ, ಮುಂದಿನ ಸುತ್ತಿನ ಮಾತು ಎತ್ತುವಷ್ಟರಲ್ಲಿ ಹರಿದುಹೋಗಿತ್ತು. ಅದನ್ನು ಮನಸ್ಸಿನಲ್ಲೇ ಮುಗಿಸಿಕೊಳ್ಳಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಮುಂದಿನ ಮೂರು ಸುತ್ತು ದೊಡ್ಡ ಕೆಲಸಗಾರರಲ್ಲಿ ಒಬ್ಬರು ಆ ಕೂಸಿನ ಪಕ್ಕದಲ್ಲೇ ಕೂರಬೇಕು, ಮತ್ತೇನು? ನಾನು ಹೊಸ ನಿಯಮ ಮಾಡುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ, ಸೂರ್ಯ ಮೂಡುತ್ತಾನೆ ಎನ್ನುವಷ್ಟು ನಿಶ್ಚಿಂತೆಯಿಂದ ಅದನ್ನೇ ಶನಿವಾರ ಕಲಿಸಿದೆ. ಮೂವರೂ ತಲೆಯಾಡಿಸಿದರು.

ಆ ಮಧ್ಯಾಹ್ನವನ್ನು ತಾವು ನೋಡಬೇಕಿತ್ತು. ನನ್ನ ಗಂಡ ಆಸೆಗೆ ಬಿದ್ದು ಎರಡನೆಯ ಸುತ್ತಿನಲ್ಲೊಂದು, ಮೂರನೆಯದರಲ್ಲೊಂದು ಕೂಸು ಹುಟ್ಟಿಸಿಕೊಂಡರು. ನಾಲ್ಕನೆಯ ಸುತ್ತಿಗೆ ಅವರ ಮೂವರು ಕೆಲಸಗಾರರಲ್ಲಿ ಇಬ್ಬರು ಮನೆಯಲ್ಲಿ ಕೂತಿದ್ದರು. ಉಳಿದ ಒಬ್ಬ ಉಪ್ಪಿನ ಗದ್ದೆಗೆ ಹೋದರೆ ಅಲ್ಲಿ ನಾದಿನಿಯ ಆಳು ಮೊದಲೇ ನಿಂತಿದ್ದ. ಸುತ್ತಿನ ಕೊನೆಯಲ್ಲಿ ಉಣ್ಣುವ ಬಾಯಿ ಐದು, ದುಡಿಯುವ ಕೈ ಒಂದು ಜೊತೆ. “ಇದೇನೇ ಇದು? ಇಬ್ರು ಸುಮ್ನೆ ಮನೇಲಿ ಕೂತಿದಾರೆ, ಕೆಲಸ ಮಾಡೋರು ಯಾರು?” ಎಂದು ಅವರು ಕೂಗಿದರು. “ಮನೇಲಿರೋ ಇಬ್ರೂ ಕೆಲಸದಲ್ಲೇ ಇದಾರೆ” ಎಂದೆ. ಅವರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೋರ್ಡನ್ನು ನೋಡಿದರು. ತೊಟ್ಟಿಲ ಕೋಣೆಯ ಹತ್ತಿರಕ್ಕೂ ಸುಳಿಯದಿದ್ದ ಅಳತೆಯವರು ಸದ್ದಿಲ್ಲದೆ ಗೆದ್ದರು, ನಾನು ಎರಡನೆಯವಳಾದೆ. ಸೋತದ್ದು ಲೆಕ್ಕಕ್ಕೇ ಬರಲಿಲ್ಲ. ಮೂರು ಗಂಟೆಗಳ ಕಾಲ ಜನ ನನ್ನನ್ನು ಪ್ರಶ್ನೆ ಕೇಳಿದ್ದರು, ಅಷ್ಟೂ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿತ್ತು, ಹೆರಿಗೆಯಾದಂದಿನಿಂದ ಹಾಗಾಗಿರಲಿಲ್ಲ.

ಸೋಮವಾರ ಅಳತೆಯವರು ತಮ್ಮ ಕಂಪನಿಯ ಜಾಲತಾಣದಲ್ಲಿ ನಿಯಮ ಪುಸ್ತಕದ ಪೂರ್ಣಪಾಠವನ್ನು ಹುಡುಕಿ ಓದಿ ನಮ್ಮ ಗುಂಪಿಗೆ ಕಳಿಸಿದರು. ಹುಟ್ಟಿದ ಮರುಸುತ್ತಿಗೇ ಆ ಕೂಸು ಪೂರ್ಣಪ್ರಮಾಣದ ಕೆಲಸಗಾರನಂತೆ! ಒಂಟಿಯಾಗಿ ಉಪ್ಪಿನ ಗದ್ದೆಗೆ ನಡೆಯುತ್ತದಂತೆ, ಹಗ್ಗ ಹೊಸೆಯುತ್ತದಂತೆ, ದೀಪಸ್ತಂಭ ಹತ್ತುತ್ತದಂತೆ, ಕೊಟ್ಟದ್ದನ್ನು ತಿಂದು ತಾನಾಗಿಯೇ ಮನೆಗೆ ಬಂದು ಮಲಗುತ್ತದಂತೆ! ಮಾನ್ಯರೇ, ಇಂಥ ಕೂಸನ್ನು ಹೆತ್ತ ಆ ತಾಯಿಯ ವಿಳಾಸವಿದ್ದರೆ ದಯಮಾಡಿ ಕಳಿಸಿಕೊಡಿ, ನಾನು ಕೆಲವು ಪ್ರಶ್ನೆ ಕೇಳುವುದಿದೆ. ನನ್ನ ಕೂಸನ್ನು ಇನ್ನೂ ಚಾಪೆಯ ಮೇಲಿಂದ ಚಾಪೆಯ ಇನ್ನೊಂದು ತುದಿಗೆ ಕಳಿಸುವುದಕ್ಕೂ ನನಗೆ ಧೈರ್ಯ ಸಾಲುತ್ತಿಲ್ಲ.

ಅದಿರಲಿ. ತಪ್ಪು ನನ್ನದು. ಹೀಗಾಗಿ ಶಿಕ್ಷೆಗೆ ಕಾದು ಕೂತೆ. ಬಂದದ್ದು ಬೇರೆ. “ಪಾಪ ಅತ್ತಿಗೆ, ನಿದ್ದೆಗೆಟ್ಟು ಓದಿದಾರೆ, ಬಿಟ್ಬಿಡ್ರಪ್ಪ” ಎಂದು ನಾದಿನಿ ಬರೆದಳು. “ಹೌದ್ಹೌದು, ಪಾಪ, ಅವಳಿಗೆ ಅವೆಲ್ಲ ಬೇಡ” ಎಂದು ಗಂಡ ಬರೆದರು. ಬರೆಯುವಾಗ ಅವರು ನನ್ನಿಂದ ಎರಡು ಅಡಿ ದೂರದಲ್ಲಿ ಮಗುವಿನ ಸಾಕ್ಸ್ ಹುಡುಕುತ್ತಿದ್ದರು. ಅಳತೆಯವರು ಏನೂ ಬರೆಯಲಿಲ್ಲ. ಸಂಜೆಯ ಹೊತ್ತಿಗೆ ಒಟ್ಟು ಒಂಬತ್ತು ‘ಪಾಪ’ಗಳು ಬಂದಿದ್ದವು, ಕೊನೆಯದರ ಜೊತೆ ಒಂದು ಗುಲಾಬಿ ಹೃದಯವೂ ಇತ್ತು. ಮುರಿದ ಕಾಲಿಗೂ ಸಿಗದಿದ್ದ ರಿಯಾಯಿತಿ ನನಗೆ ಸಿಕ್ಕಿತ್ತು. ನಾನು ಆ ಮೇಜಿನಲ್ಲಿ ಆಟಗಾತಿಯಾಗಿ ಉಳಿದಿಲ್ಲ, ಮೇಜಿನ ಮೇಲೆ ಜೋಪಾನವಾಗಿ ಇಡಬೇಕಾದ ಹೂದಾನಿಯಾಗಿದ್ದೇನೆ ಎಂದು ಇಷ್ಟು ಮೃದುವಾಗಿ ಇನ್ನಾರೂ ಹೇಳಲಾರರು. ಗಂಡನಿಗೆ ಇದನ್ನು ವಿವರಿಸಹೋದರೆ, “ಅಲ್ವೇ, ಶಿಕ್ಷೆ ಕೊಡ್ಲಿಲ್ಲ ಅಂತ ಅಳೋರನ್ನ ಇವತ್ತೇ ನೋಡ್ತಿರೋದು, ಸ್ವಲ್ಪ ಮಲಕ್ಕೋ ಹೋಗು” ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಇಷ್ಟೇ. ಬರುವ ಶನಿವಾರದೊಳಗೆ ಲೋಕದಲ್ಲಿರುವ ‘ಉಪ್ಪಿನ ಬಂದರು’ ಪೆಟ್ಟಿಗೆಗಳನ್ನೆಲ್ಲ ಹಿಂದಕ್ಕೆ ಕರೆಸಿ, ಹನ್ನೊಂದನೆಯ ಪುಟವನ್ನು ನಾನು ಕಲಿಸಿದಂತೆಯೇ ತಿದ್ದಿ, ಮೊದಲಿನಿಂದಲೂ ಹಾಗೆಯೇ ಇತ್ತೆಂದು ಪ್ರಕಟಿಸಬೇಕು. ಆಟ ಒಂದು ಗಂಟೆ ಲಂಬಿಸುತ್ತದೆ ನಿಜ, ಮಗು ಬಂದ ಮೇಲೆ ಎಲ್ಲವೂ ಅಷ್ಟು ಲಂಬಿಸುತ್ತದೆ. ಅದು ಸಾಧ್ಯವಿಲ್ಲವಾದರೆ, ನಾನು ಕಲಿಸಿದ್ದು ಸಂಪೂರ್ಣ, ಅಕ್ಷಮ್ಯ, ಯಾವ ನೆಪಕ್ಕೂ ಜಗ್ಗದ ತಪ್ಪೆಂದು ಕಂಪನಿಯ ಮೊಹರಿನೊಂದಿಗೆ ದೃಢೀಕರಿಸಿ ಕಳಿಸಬೇಕು. ಪತ್ರದಲ್ಲಿ ‘ಪಾಪ’ ಎಂಬ ಪದ ಎಲ್ಲಿಯೂ ನುಸುಳದಂತೆ ತಮ್ಮ ಗುಮಾಸ್ತರು ಎಚ್ಚರ ವಹಿಸಲಿ. ಎರಡರಲ್ಲಿ ಯಾವುದಾದರೂ ಸರಿ. ಸರಿಯಾದವಳೆಂದೋ ತಪ್ಪಿದವಳೆಂದೋ ಒಂದು ಕಡೆ ನನ್ನನ್ನು ಕೂರಿಸಿಬಿಡಿ. ‘ಅಯ್ಯೋ ಪಾಪ’ ಎಂಬ ಜಾಗದಲ್ಲಿ ಮಾತ್ರ ನಿಲ್ಲಿಸಬೇಡಿ, ಅಲ್ಲಿಂದ ಕೆಲಸಗಾರರು ಯಾವ ಸುತ್ತಿನಲ್ಲೂ ವಾಪಸು ಬರುವುದಿಲ್ಲ.

ಹನ್ನೊಂದನೆಯ ಪುಟವೊಂದನ್ನುಳಿದು ಮಿಕ್ಕೆಲ್ಲ ವಿಷಯಗಳಲ್ಲಿ
ತಮ್ಮ ವಿಶ್ವಾಸಿ,
ಎಂಟು ತಿಂಗಳ ಕೂಸಿನ ತಾಯಿ, ಮತ್ತು ಆಟಗಾತಿ

ಮರೆತ ಮಾತು: ಲಕೋಟೆ ಅಂಟಿಸುವ ಮುನ್ನ ಅಳತೆಯವರ ನೋಟಿಸು ಬಂದಿದೆ. ಇಷ್ಟು ದಿನ ಅವರು ಸುಮ್ಮನಿದ್ದದ್ದು ಕರುಣೆಯಿಂದಲ್ಲ, ಹಳೆಯ ಪ್ರಕರಣಗಳನ್ನು ತೆಗೆದು ನೋಡುತ್ತಿದ್ದರಂತೆ. “ಮೂರು ಸರದಿ ರದ್ದು. ಪೆನ್ಸಿಲ್ ನೀವೇ ತರತಕ್ಕದ್ದು. ನಿದ್ದೆ ಇಲ್ಲ ಎಂಬುದು ಕಾರಣವಾಗುವುದಿಲ್ಲ” ಎಂದಿದೆ ನೋಟಿಸು. ನನ್ನ ಗಂಡ ಅವರಿಗೆ ಫೋನ್ ಮಾಡಿ ನನ್ನ ಪರವಾಗಿ ಜಗಳಕ್ಕೆ ನಿಂತರು. ನಾನು ಫೋನ್ ಕಿತ್ತುಕೊಂಡು ಶಿಕ್ಷೆಯನ್ನು ಎತ್ತಿಹಿಡಿದೆ. ಹೀಗಾಗಿ ತಮ್ಮ ದೃಢೀಕರಣ ಇನ್ನು ಬೇಕಿಲ್ಲ. ಅಂಕ ಬರೆಯುವವಳಿಗೆ ಪುರುಸೊತ್ತು ಹೆಚ್ಚಾದ್ದರಿಂದ ತಮ್ಮ ಪುಸ್ತಕದ ಉಳಿದ ಪುಟಗಳನ್ನು ನಿಧಾನವಾಗಿ ಓದುತ್ತಿದ್ದೇನೆ: ಇಪ್ಪತ್ತಮೂರರಲ್ಲಿ ದೀಪಸ್ತಂಭದ ಕಾವಲುಗಾರ ಒಂದೇ ಸುತ್ತಿನಲ್ಲಿ ಎರಡು ಸಲ ಉಣ್ಣುತ್ತಾನೆ, ಇಪ್ಪತ್ತೊಂಬತ್ತರಲ್ಲಿ ಮುಳುಗಿದ ದೋಣಿ ಮೂವತ್ತೊಂದರಲ್ಲಿ ಸರಕು ಇಳಿಸುತ್ತಿದೆ. ನಮ್ಮ ಪದ್ಧತಿಯಂತೆ ತಮ್ಮ ಕಂಪನಿಯ ಮುಂದಿನ ಮೂರು ಆಟಗಳಿಗೆ ನಮ್ಮ ಮೇಜಿನಲ್ಲಿ ಪ್ರವೇಶವಿಲ್ಲ. ಮೇಲ್ಮನವಿ ಸಲ್ಲಿಸುವುದಿದ್ದರೆ ಸಲ್ಲಿಸಿ, ಆದರೆ ಇಲ್ಲಿ ಯಾರೂ ತಮ್ಮನ್ನು ‘ಪಾಪ’ ಎನ್ನುವುದಿಲ್ಲ, ಅಷ್ಟು ಅವಮಾನ ತಮಗಾಗದಂತೆ ನೋಡಿಕೊಳ್ಳುವ ಹೊಣೆ ನನ್ನದು.